ಹೊತ್ತು ನೋಡಿ ಹೋಗಬೇಕಾದ ಮೈಸೂರು

ದೇವರಾಜ ಮಾರುಕಟ್ಟೆಯ ಹೂವಿನ ಸಾಲಿನಲ್ಲಿ ಬೆಳಗ್ಗೆ ಏಳಕ್ಕೆ ಸಿಗುವ ಮಲ್ಲಿಗೆಗೂ ಸಂಜೆ ಆರಕ್ಕೆ ಸಿಗುವ ಮಲ್ಲಿಗೆಗೂ ಬಹಳ ವ್ಯತ್ಯಾಸ. ಬೆಳಗಿನದು ಇನ್ನೂ ಮೊಗ್ಗು. ಬಿಗಿಯಾಗಿ, ತುದಿ ಚೂಪಾಗಿ ಇರುತ್ತದೆ, ವಾಸನೆ ಅಷ್ಟಿಲ್ಲ. ಅದನ್ನು ಕಟ್ಟಿಸಿ ಒದ್ದೆ ಬಟ್ಟೆಯಲ್ಲೋ ಬಾಳೆಎಲೆಯಲ್ಲೋ ಸುತ್ತಿಟ್ಟರೆ ದೀಪ ಹಚ್ಚುವ ಹೊತ್ತಿಗೆ ಒಂದೊಂದೇ ಅರಳಿ ಇಡೀ ಕೋಣೆ ಘಮಘಮಿಸುತ್ತದೆ. ಸಂಜೆ ಬುಟ್ಟಿಯಲ್ಲಿ ಆಗಲೇ ಅರಳಿ ಕೂತಿರುವ ಹೂವು ಆ ರಾತ್ರಿಯ ಮಟ್ಟಿಗೆ ಸರಿ, ಬೆಳಗಾಗುವಷ್ಟರಲ್ಲಿ ಕಂದಿಹೋಗುತ್ತದೆ. ಮೈಸೂರಿನಲ್ಲಿ ಯಾವ ಅಂಗಡಿ ಒಳ್ಳೆಯದು, ಎಲ್ಲಿ ಉಳಿದುಕೊಳ್ಳಬೇಕು, ಯಾವ ಬಾರ್‌ಗೆ ಹೋಗಬೇಕು ಎಂದು ಕೇಳುವವರು ಬಹಳ ಮಂದಿ. ಯಾವ ಹೊತ್ತಿಗೆ ಎಂದು ಕೇಳುವವರು ಅಪರೂಪ. ಈ ಊರಿನ ಒಳ್ಳೆಯ ವಸ್ತುಗಳಲ್ಲಿ ಮುಕ್ಕಾಲು ಪಾಲು ಹೊತ್ತಿಗೆ ಕಟ್ಟುಬಿದ್ದವು. ಹಾಗಾಗಿ ಇಲ್ಲಿ ಜಾಗಗಳ ಜೊತೆಗೆ ಗಂಟೆಯನ್ನೂ ಹೇಳುತ್ತಾ ಹೋಗುವುದೇ ಸರಿ.

ಮೊದಲು ತಂಗುವ ವಿಷಯ. ಬೆಳಗ್ಗೆ ಆರೂವರೆಗೆ ಎಲ್ಲಿಗೆ ನಡೆದು ಹೋಗಬಲ್ಲಿರಿ ಎಂಬುದನ್ನು ನಿರ್ಧರಿಸುವುದೇ ನೀವು ಹಿಡಿದ ಕೋಣೆ. ಗಾಂಧಿ ಚೌಕ, ಧನ್ವಂತರಿ ರಸ್ತೆ, ಇರ್ವಿನ್ ರಸ್ತೆಯ ಸುತ್ತಮುತ್ತ ಹಳೆಯ ಲಾಡ್ಜುಗಳಿವೆ. ಅಲ್ಲಿಂದ ಮಾರುಕಟ್ಟೆ, ಚಿಕ್ಕ ಗಡಿಯಾರ, ದೊಡ್ಡ ಗಡಿಯಾರ, ಅರಮನೆ ಎಲ್ಲಕ್ಕೂ ಕಾಲುನಡಿಗೆ. ರಸ್ತೆಯ ಕಡೆ ಕಿಟಕಿ ಇರುವ ಕೋಣೆ ಮಾತ್ರ ಬೇಡ. ಸಬ್‌ಅರ್ಬನ್ ಬಸ್ ನಿಲ್ದಾಣದ ಹತ್ತಿರವಂತೂ ನಸುಕಿಗೇ ಹಾರನ್ ಶುರುವಾಗುತ್ತದೆ. ಹಿಂಬದಿಯ ಕೋಣೆ, ಎರಡನೇ ಮಹಡಿ ಅಥವಾ ಅದಕ್ಕಿಂತ ಮೇಲೆ ಎಂದು ಕೇಳಿ ಪಡೆಯಿರಿ. ಹಣ ಕಟ್ಟುವ ಮೊದಲು ಎರಡು ಪ್ರಶ್ನೆ ಕೇಳಲೇಬೇಕು. ಒಂದು, ಚೆಕ್‌ಔಟ್ ಮಧ್ಯಾಹ್ನ ಹನ್ನೆರಡಕ್ಕೋ ಅಥವಾ ಇಪ್ಪತ್ತನಾಲ್ಕು ಗಂಟೆ ಲೆಕ್ಕವೋ? ರಾತ್ರಿ ಹತ್ತಕ್ಕೆ ಬಂದಿಳಿದವರಿಗೆ ಎರಡನೆಯದರಿಂದ ಅರ್ಧ ದಿನ ಉಳಿತಾಯ. ಇನ್ನೊಂದು, ಬಿಸಿನೀರು ಎಷ್ಟು ಹೊತ್ತಿನವರೆಗೆ? ಸೋಲಾರ್ ಇರುವ ಕಡೆ ಬೆಳಗಿನ ಎರಡು ಮೂರು ಗಂಟೆ ಮಾತ್ರ ಬಿಡುತ್ತಾರೆ. ಹಿಂದಿನ ದಿನ ಮೋಡವಿದ್ದರೆ ಅದೂ ಉಗುರುಬೆಚ್ಚಗೆ. ಗೀಸರ್ ಇದೆಯೆಂದು ಹೇಳಿದರೆ ಸ್ವಿಚ್ ಹಾಕಿ ಕೆಂಪು ದೀಪ ಹತ್ತುತ್ತದೆಯೇ ನೋಡಿ.

ಹಣ ಖರ್ಚು ಮಾಡುವ ಮನಸ್ಸಿದ್ದರೆ ಹಳೆಯ ಕಟ್ಟಡಗಳಿವೆ. ಝಾನ್ಸಿ ಲಕ್ಷ್ಮೀಬಾಯಿ ರಸ್ತೆಯ ಮೆಟ್ರೋಪೋಲ್ 1920ರಲ್ಲಿ ಮಹಾರಾಜರ ಬ್ರಿಟಿಷ್ ಅತಿಥಿಗಳಿಗಾಗಿ ಕಟ್ಟಿದ್ದು. ಎತ್ತರದ ಸೂರು, ಉದ್ದನೆಯ ಮೊಗಸಾಲೆ, ನಡುವೆ ತೆರೆದ ಅಂಗಳ. ಅಲ್ಲಿ ಉಳಿಯದಿದ್ದರೂ ಅಂಗಳದಲ್ಲಿ ಒಂದು ರಾತ್ರಿಯೂಟ ಮಾಡಬಹುದು. ಅದೇ ರಸ್ತೆಯಲ್ಲಿ ಪ್ರವಾಸೋದ್ಯಮ ನಿಗಮದ ಮಯೂರ ಹೊಯ್ಸಳ ಇದೆ. ಸರಳ ಕೋಣೆ, ರೈಲು ನಿಲ್ದಾಣ ಹತ್ತಿರ. ಜಯಲಕ್ಷ್ಮೀಪುರದ ಚಿತ್ತರಂಜನ್ ಅರಮನೆ ಈಗ ಗ್ರೀನ್ ಹೋಟೆಲ್. ಗದ್ದಲ ಬೇಡವೆನ್ನುವವರಿಗೆ ಅದರ ಹುಲ್ಲುಹಾಸು ಸಾಕು. ಚಾಮುಂಡಿ ಬೆಟ್ಟದ ತಪ್ಪಲಿನ ಕಡೆ ಇರುವ ಲಲಿತ ಮಹಲ್ 1921ರದು, ವೈಸ್‌ರಾಯ್‌ಗಾಗಿ ಕಟ್ಟಿಸಿದ ಬಿಳಿ ಅರಮನೆ. ಹಳೆಯ ಕಟ್ಟಡದಲ್ಲಿ ತಂಗುವಾಗ ಒಂದು ಎಚ್ಚರ: ಹೊಸದಾಗಿ ಸೇರಿಸಿದ ಭಾಗದ ಕೋಣೆಗೂ ಮೂಲ ಕಟ್ಟಡದ ಕೋಣೆಗೂ ಹೆಸರು ಒಂದೇ ಇರಬಹುದು, ಅನುಭವ ಬೇರೆ. ಯಾವುದು ಕೊಡುತ್ತೀರಿ ಎಂದು ಮೊದಲೇ ಕೇಳಿ. ಗೋಕುಲಂ ಮತ್ತು ಒಂಟಿಕೊಪ್ಪಲಿನ ಮನೆಗಳು ತಿಂಗಳುಗಟ್ಟಲೆ ಇರುವವರಿಗೆ ಹೊಂದುತ್ತವೆ. ಅಷ್ಟಾಂಗ ಯೋಗ ಕಲಿಯಲು ಬರುವವರು ಹೆಚ್ಚು ಉಳಿಯುವುದು ಅಲ್ಲಿಯೇ. ಚಳಿಗಾಲದಲ್ಲಿ ಅಲ್ಲಿ ಕೋಣೆ ಸಿಗುವುದು ಕಷ್ಟ, ಮಾರುಕಟ್ಟೆಗೆ ಆಟೋ ಬೇಕೇ ಬೇಕು.

ಇನ್ನು ಮಾರುಕಟ್ಟೆ. ಚಿಕ್ಕ ಗಡಿಯಾರದ ಬದಿಯಿಂದ ಧನ್ವಂತರಿ ರಸ್ತೆಯವರೆಗೆ ಸಯ್ಯಾಜಿರಾವ್ ರಸ್ತೆಯ ಉದ್ದಕ್ಕೂ ಚಾಚಿಕೊಂಡಿರುವ ಈ ಕಟ್ಟಡ ನೂರು ವರ್ಷಕ್ಕೂ ಹಳೆಯದು. 2016ರಲ್ಲಿ ಉತ್ತರ ದ್ವಾರದ ಬಳಿ ಒಂದು ಭಾಗ ಕುಸಿಯಿತು. ಕೆಡವಬೇಕೋ ಉಳಿಸಬೇಕೋ ಎಂಬ ಜಗ್ಗಾಟ ಆಮೇಲೆ ವರ್ಷಗಟ್ಟಲೆ ನಡೆದಿದೆ. ಇದು ಉಳಿಯಬೇಕು. ಇಷ್ಟು ಇಕ್ಕಟ್ಟಿನಲ್ಲಿ ಹೂವು, ಎಲೆ, ಹಣ್ಣು, ತರಕಾರಿ, ಬೆಲ್ಲ, ಕುಂಕುಮ, ಅಗರಬತ್ತಿ ಹೆಜ್ಜೆಹೆಜ್ಜೆಗೂ ಸಿಗುವ ಜಾಗ ಇನ್ನೊಂದಿಲ್ಲ. ಹೊಸ ಕಟ್ಟಡದ ಸಾಲು ಮಳಿಗೆಯಲ್ಲಿ ಈ ಓಡಾಟ ಹುಟ್ಟುವುದಿಲ್ಲ.

ಏಳರಿಂದ ಒಂಬತ್ತರವರೆಗೆ ಕೊಳ್ಳುವವರ ಹೊತ್ತು. ಹತ್ತು ದಾಟಿದರೆ ಕ್ಯಾಮೆರಾ ಹಿಡಿದವರ ಹೊತ್ತು, ವ್ಯಾಪಾರಿಗಳ ಬಾಯಲ್ಲಿ ಬೆಲೆಯೂ ಬೇರೆಯಾಗುತ್ತದೆ. ಮಲ್ಲಿಗೆಯನ್ನು ಮೊಳದ ಲೆಕ್ಕದಲ್ಲಿ ಕೊಡುತ್ತಾರೆ. ಮೊಳವೆಂದರೆ ಮೊಣಕೈಯಿಂದ ಬೆರಳ ತುದಿಯವರೆಗೆ, ಆದರೆ ಯಾರ ಕೈ ಎನ್ನುವುದೇ ಪ್ರಶ್ನೆ. ಅದಕ್ಕಿಂತ ಮುಖ್ಯ ಕಟ್ಟಿನ ಒತ್ತು. ಸಡಿಲವಾಗಿ ಕಟ್ಟಿದ ಎರಡು ಮೊಳದಲ್ಲಿ ಒತ್ತಾಗಿ ಕಟ್ಟಿದ ಒಂದು ಮೊಳದಷ್ಟೇ ಹೂವು ಇರುತ್ತದೆ. ದಂಡೆಯನ್ನು ಎತ್ತಿ ಹಿಡಿದು ನೋಡಿ, ಹೂವಿನ ನಡುವೆ ನಾರು ಕಾಣಿಸಿದರೆ ಅದು ಸಡಿಲ ಕಟ್ಟು. ಮಾರ್ಚ್‌ನಿಂದ ಮಳೆ ಹಿಡಿಯುವವರೆಗೆ ಮಲ್ಲಿಗೆಯ ಸುಗ್ಗಿ. ಚಳಿಯಲ್ಲಿ ಹೂವು ಕಡಿಮೆ, ಬೆಲೆ ಏರುತ್ತದೆ, ಆಗ ಕಾಕಡ ಅಥವಾ ಸೇವಂತಿಗೆ ಕೊಳ್ಳುವುದು ಜಾಣತನ. ಹೂವನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದಿಟ್ಟರೆ ಒಳಗೇ ಬೆವತು ಎಸಳು ಕಂದುಗಟ್ಟುತ್ತದೆ. ನೀರಿನಲ್ಲಿ ಅದ್ದಿದರೂ ಅದೇ ಗತಿ.

ಮೈಸೂರು ಮಲ್ಲಿಗೆಯಂತೆಯೇ ಮೈಸೂರು ವೀಳ್ಯದೆಲೆಗೂ ನಂಜನಗೂಡು ರಸಬಾಳೆಗೂ ಭೌಗೋಳಿಕ ಗುರುತಿನ ಮಾನ್ಯತೆ ಇದೆ. ಎಲೆ ಕೊಳ್ಳುವಾಗ ಚಿಗುರೆಲೆ ಎಂದೇ ಕೇಳಿ. ಮೃದುವಾಗಿ, ನುಣುಪಾಗಿ, ತಿಳಿ ಹಸಿರಾಗಿ ಇರಬೇಕು. ತೊಟ್ಟು ಮುರಿದರೆ ಟಕ್ಕೆನ್ನಬೇಕು, ಬಾಗಿದರೆ ನಿನ್ನೆಯದು. ಕಟ್ಟಿನ ಮೇಲೆ ಕೆಳಗೆ ಒಳ್ಳೆಯ ಎಲೆ, ನಡುವೆ ಬಲಿತದ್ದು ಇಡುವುದು ಹಳೆಯ ಪದ್ಧತಿ. ನಡುವೆ ಬಿಡಿಸಿ ನೋಡಲು ಸಂಕೋಚ ಬೇಡ. ಮನೆಗೆ ತಂದ ಮೇಲೆ ಒದ್ದೆ ಬಟ್ಟೆಯಲ್ಲಿ ಸುತ್ತಿ ದಿನಕ್ಕೊಮ್ಮೆ ಬಿಚ್ಚಿ ಕೊಳೆತ ಎಲೆ ಇದ್ದರೆ ತೆಗೆಯಬೇಕು. ಒಂದು ಕೊಳೆತರೆ ಎರಡು ದಿನದಲ್ಲಿ ಕಟ್ಟೇ ಹೋಗುತ್ತದೆ.

ರಸಬಾಳೆಯ ಕಥೆ ಬೇಸರದ್ದು. ಪನಾಮ ಸೊರಗು ರೋಗ ಮಣ್ಣಿನಲ್ಲೇ ಉಳಿಯುವ ಶಿಲೀಂಧ್ರದಿಂದ ಬರುತ್ತದೆ. ಒಮ್ಮೆ ತೋಟಕ್ಕೆ ಹೊಕ್ಕರೆ ವರ್ಷಗಟ್ಟಲೆ ಬಿಡುವುದಿಲ್ಲ. ಅದರಿಂದ ನಂಜನಗೂಡಿನ ಸುತ್ತ ಈ ಬಾಳೆ ತುಂಬ ಕುಗ್ಗಿಹೋಯಿತು. ಹಾಗಾಗಿ ಗೊನೆ ಗೊನೆ ರಾಶಿ ಹಾಕಿಕೊಂಡು ರಸಬಾಳೆ ಎಂದು ಕೂಗುವ ಕಡೆ ಅನುಮಾನವಿರಲಿ. ನಿಜವಾದದ್ದು ಸಿಕ್ಕಿದರೂ ಸಿಪ್ಪೆ ಹಳದಿಯಾದ ಕೂಡಲೇ ತಿನ್ನಬೇಡಿ. ಒಳಗೆ ಗಂಟು ಗಂಟಾಗಿ ಒಗರು ಉಳಿದಿರುತ್ತದೆ. ಕಪ್ಪು ಚುಕ್ಕೆ ಬಿದ್ದು ಸಿಪ್ಪೆ ತೆಳುವಾದ ಮೇಲೆಯೇ ಆ ಸಿಹಿಹುಳಿ ಕೂಡಿದ ರುಚಿ ಬರುವುದು.

ಬಣ್ಣಬಣ್ಣದ ಗೋಪುರದ ಹಾಗೆ ಪೇರಿಸಿದ ಪುಡಿಗಳ ಅಂಗಡಿಯಲ್ಲಿ ನೀಲಿ, ಹಸಿರು, ನೇರಳೆ ಎಲ್ಲ ರಂಗೋಲಿ, ಅಲಂಕಾರಕ್ಕೆ. ಹಣೆಗಿಡುವ ಕುಂಕುಮ ಬೇರೆಯಾಗಿ ಕೇಳಬೇಕು. ಸುಗಂಧದೆಣ್ಣೆಯ ಸಾಲಿನಲ್ಲಿ ಇನ್ನಷ್ಟು ಎಚ್ಚರ. ಗಂಧದೆಣ್ಣೆ ಎಂದು ಚಿಕ್ಕ ಶೀಶೆ ತೋರಿಸಿ, ಕಾಗದದ ಮೇಲೆ ಒಂದು ತೊಟ್ಟು ಬಿಟ್ಟು ಜಿಡ್ಡು ಉಳಿಯುವುದಿಲ್ಲ ನೋಡಿ ಎನ್ನುತ್ತಾರೆ. ಆ ಪರೀಕ್ಷೆ ಗಂಧಕ್ಕೆ ಹೊಂದುವುದಿಲ್ಲ. ಶುದ್ಧ ಗಂಧದೆಣ್ಣೆಯೇ ಮಂದ, ಬಹಳ ನಿಧಾನವಾಗಿ ಆರುತ್ತದೆ. ಬೇಗ ಆರಿತೆಂದರೆ ಅದರಲ್ಲಿ ಹಗುರ ದ್ರಾವಣ ಬೆರೆಸಿರುವ ಸಾಧ್ಯತೆಯೇ ಹೆಚ್ಚು. ಗಂಧದೆಣ್ಣೆ ಬೇಕೇ ಬೇಕೆಂದರೆ ಸರ್ಕಾರಿ ಸಾಬೂನು ಮತ್ತು ಮಾರ್ಜಕ ನಿಗಮದ ಮಳಿಗೆಯಲ್ಲಿ ಮುದ್ರೆಯೊತ್ತಿದ ಶೀಶೆ, ಬಿಲ್ ಸಮೇತ ತೆಗೆದುಕೊಳ್ಳಿ. ಮಾರುಕಟ್ಟೆಯಲ್ಲಿ ಮಲ್ಲಿಗೆ, ಕೇದಗೆ, ಲಾವಂಚದ ಅತ್ತರನ್ನು ಅತ್ತರೆಂದೇ, ಬೆರಕೆ ಇದ್ದೇ ಇರುತ್ತದೆಂದು ತಿಳಿದೇ ಕೊಳ್ಳಬಹುದು. ಮಣಿಕಟ್ಟಿಗೆ ಹಚ್ಚಿಸಿಕೊಂಡು ಅರ್ಧ ಗಂಟೆ ಸುತ್ತಾಡಿ ಬಂದು ಆಮೇಲೆ ತೀರ್ಮಾನಿಸಿ. ಮೊದಲ ಐದು ನಿಮಿಷ ಎಲ್ಲ ಅತ್ತರೂ ಚೆಂದವೇ. ಕೃಷ್ಣರಾಜ ವೃತ್ತದ ಬಳಿ ಯಾರಾದರೂ ಸ್ನೇಹದಿಂದ ಮಾತಿಗೆಳೆದು, ಇವತ್ತೊಂದೇ ದಿನ ವಿಶೇಷ ಸಂತೆ ಇದೆ ಬನ್ನಿ ಎಂದು ಕರೆದರೆ ಕೈಮುಗಿದು ಮುಂದೆ ನಡೆಯಿರಿ. ಅಂಥ ಸಂತೆ ಇರುವುದಿಲ್ಲ, ಇರುವುದು ಕಮಿಷನ್ ಅಂಗಡಿ.

ಮಾರುಕಟ್ಟೆಯ ಮುಂಭಾಗದಲ್ಲಿ, ಸಯ್ಯಾಜಿರಾವ್ ರಸ್ತೆಗೆ ಮುಖ ಮಾಡಿ ಗುರು ಸ್ವೀಟ್ಸ್ ಇದೆ. ಮೈಸೂರು ಪಾಕನ್ನು ಮೊದಲು ಮಾಡಿದ ಅರಮನೆಯ ಬಾಣಸಿಗ ಕಾಕಾಸುರ ಮಾದಪ್ಪನವರ ವಂಶದವರ ಅಂಗಡಿ. ಮೈಸೂರು ಪಾಕಿನ ಬಗ್ಗೆ ಜಗಳಗಳು ನಡೆಯುವುದು ಗಟ್ಟಿಯೋ ಮೆತ್ತಗೋ ಎಂಬುದರ ಮೇಲೆ. ಎರಡೂ ಒಂದೇ ಸಾಮಗ್ರಿ: ಕಡಲೆಹಿಟ್ಟು, ಸಕ್ಕರೆ, ತುಪ್ಪ. ವ್ಯತ್ಯಾಸ ಪಾಕದ ಹದದಲ್ಲಿ, ತುಪ್ಪದ ಪ್ರಮಾಣದಲ್ಲಿ. ಕುದಿಯುವ ಪಾಕದಲ್ಲಿ ಹಿಟ್ಟು ಕೂಡಿಸಿ ಕಾದ ತುಪ್ಪವನ್ನು ಹಂತಹಂತವಾಗಿ ಸುರಿದಾಗ ಹಿಟ್ಟಿನ ತೇವ ಆವಿಯಾಗಿ ನೊರೆಯೇಳುತ್ತದೆ. ಆ ನೊರೆ ಹಾಗೆಯೇ ಸೆಟೆದರೆ ಗೂಡುಗೂಡಾದ ಗಟ್ಟಿ ಪಾಕು. ತಟ್ಟೆಯ ನಡುವೆ ಬಿಸಿ ಹೆಚ್ಚು ಹೊತ್ತು ನಿಲ್ಲುವುದರಿಂದ ಒಳಗಿನ ಪದರ ಕಂದುಬಣ್ಣಕ್ಕೆ ತಿರುಗುತ್ತದೆ. ತುಂಡಿನ ನಡುವೆ ಆ ಕಂದು ಗೆರೆ ಕಂಡರೆ ಮಾಡಿದವರ ಕೈ ಪಳಗಿದ್ದೆಂದು ತಿಳಿಯಿರಿ. ಹದ ಮೀರಿದರೆ ಕಲ್ಲು, ಮೊದಲೇ ಇಳಿಸಿದರೆ ಹಲ್ವದಂತೆ ಅಂಟು. ತುಪ್ಪವೋ ವನಸ್ಪತಿಯೋ ಎಂದು ತಿಳಿಯಲು ನಾಲಿಗೆಯೇ ಸಾಕು. ತುಪ್ಪ ಬಾಯಲ್ಲಿ ಕರಗಿ ಹೋಗುತ್ತದೆ, ವನಸ್ಪತಿ ಅಂಗುಳಕ್ಕೆ ಮೇಣದ ಹಾಗೆ ಮೆತ್ತಿಕೊಳ್ಳುತ್ತದೆ. ಮೊದಲು ಒಂದೇ ತುಂಡು ತೂಗಿಸಿ ತಿಂದು ನೋಡಿ, ಆಮೇಲೆ ಕಾಲು ಕಿಲೋ, ಅರ್ಧ ಕಿಲೋ. ಊರಿಗೆ ಒಯ್ಯುವುದಾದರೆ ಗಟ್ಟಿಯದೇ ವಾಸಿ, ಪುಡಿಯಾದರೂ ಕೆಡುವುದಿಲ್ಲ. ಮೆತ್ತಗಿನದು ಬೇಸಿಗೆಯ ಬಸ್ಸಿನಲ್ಲಿ ತುಪ್ಪ ಬಿಟ್ಟುಕೊಂಡು ಚೀಲ ನೆನೆಸುತ್ತದೆ. ಎರಡನ್ನೂ ಫ್ರಿಜ್ಜಿಗೆ ಇಡಬೇಡಿ.

ತಿಂಡಿಗೆ ಬೆಳಗ್ಗೆ ಎಂಟೂವರೆಯೊಳಗೆ. ನಜರ್‌ಬಾದ್ ಮುಖ್ಯರಸ್ತೆಯಲ್ಲಿ ಮೈಲಾರಿ ಹೆಸರಿನ ಹೋಟೆಲುಗಳು ಹತ್ತಿರ ಹತ್ತಿರವೇ ಇವೆ. ಯಾವುದು ಮೂಲ ಎಂಬ ಚರ್ಚೆಯಲ್ಲಿ ಹೊಟ್ಟೆ ತುಂಬುವುದಿಲ್ಲ, ಸಾಲು ಚಿಕ್ಕದಿರುವ ಕಡೆ ಕೂರಿ. ಅಲ್ಲಿನ ದೋಸೆ ಗರಿಗರಿಯಲ್ಲ. ಮೆತ್ತಗೆ, ಒಳಗೆ ಸಾಗು, ಮೇಲೆ ಬೆಣ್ಣೆ. ಪಾರ್ಸೆಲ್ ಮಾತ್ರ ಬೇಡ, ತನ್ನದೇ ಹಬೆಗೆ ಬೆಂದು ಹತ್ತು ನಿಮಿಷದಲ್ಲಿ ಮುದ್ದೆಯಾಗುತ್ತದೆ. ಗರಿಗರಿ ಬೇಕೆನ್ನುವವರು ಚಾಮುಂಡಿಪುರದ ಗಾಯತ್ರಿ ಟಿಫಿನ್ ರೂಮಿಗೆ ಹೋಗಲಿ. ಭಾನುವಾರ ಬೆಳಗ್ಗೆ ಅಲ್ಲಿ ಊರೇ ನೆರೆದಿರುತ್ತದೆ, ಆದ್ದರಿಂದ ವಾರದ ನಡುವೆ. ಮಧ್ಯಾಹ್ನಕ್ಕೆ ಮಾಂಸದೂಟವಾದರೆ ಮಂಡಿ ಮೊಹಲ್ಲಾದ ಅಕ್ಬರ್ ರಸ್ತೆಯ ಹನುಮಂತು ಹೋಟೆಲಿನ ಮಟನ್ ಪಲಾವ್, ಒಂದು ಗಂಟೆ ಬಡಿಯುವ ಮೊದಲೇ. ಗಾಂಧಿ ಚೌಕದ ಆರ್‌ಆರ್‌ಆರ್‌ನಲ್ಲಿ ಬಾಳೆಎಲೆಯ ಮೇಲೆ ಆಂಧ್ರದ ಖಾರದೂಟ.

ಕಾಫಿಪುಡಿ ಒಯ್ಯುವ ಆಸೆಯಿದ್ದರೆ ಎದುರಿಗೇ ಬೀಜ ಹುರಿದು ಬೀಸಿಕೊಡುವ ಅಂಗಡಿ ಹುಡುಕಿ. ಹಳೆಯ ಬಡಾವಣೆಗಳಲ್ಲಿ ಮೂಗೇ ದಾರಿ ತೋರಿಸುತ್ತದೆ. ಚಿಕೋರಿ ಎಷ್ಟು ಎಂದು ನೀವೇ ಹೇಳಬೇಕು. ನೂರರಲ್ಲಿ ಇಪ್ಪತ್ತು ಇದ್ದರೆ ಡಿಕಾಕ್ಷನ್ ಗಟ್ಟಿ ಇಳಿಯುತ್ತದೆ, ಕಾಫಿಯ ಗುಣವೂ ಉಳಿಯುತ್ತದೆ. ನಲವತ್ತಾದರೆ ಬಣ್ಣ, ಕಹಿ ಅಷ್ಟೇ. ಸಂಶಯವಾದರೆ ತಣ್ಣೀರಿನ ಲೋಟಕ್ಕೆ ಚಿಟಿಕೆ ಪುಡಿ ಉದುರಿಸಿ. ಕಾಫಿ ತೇಲುತ್ತದೆ, ಚಿಕೋರಿ ಕಂದು ಗೆರೆ ಬಿಡುತ್ತಾ ಮುಳುಗುತ್ತದೆ. ಕಾಲು ಕಿಲೋಗಿಂತ ಹೆಚ್ಚು ಬೇಡ, ಬೀಸಿದ ಪುಡಿಯ ಪರಿಮಳ ಎರಡು ವಾರಕ್ಕೆ ಇಳಿದುಹೋಗುತ್ತದೆ.

ರೇಷ್ಮೆಗೆ ವಾರದ ದಿನವನ್ನೇ ಮೀಸಲಿಡಿ. ಮಾನಂದವಾಡಿ ರಸ್ತೆಯಲ್ಲಿರುವ ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ ಕಾರ್ಖಾನೆ 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ ಸ್ವಿಟ್ಜರ್ಲೆಂಡಿನ ಮಗ್ಗಗಳಿಂದ ಆರಂಭವಾದದ್ದು. ಭಾನುವಾರ ಕಾರ್ಖಾನೆಗೆ ರಜೆ, ಒಳಗೆ ಫೋಟೋ ತೆಗೆಯುವಂತಿಲ್ಲ. ನೂಲು ಹುರಿಗೊಳಿಸುವುದು, ನೇಯ್ಗೆ, ಆಮೇಲೆ ಬಟ್ಟೆಯನ್ನು ಕುದಿಸಿ ರೇಷ್ಮೆಯ ಅಂಟು ತೆಗೆಯುವುದು, ಬಣ್ಣ ಹಾಕುವುದು, ಇವೆಲ್ಲ ಒಂದೇ ಆವರಣದಲ್ಲಿ. ಅಂಟು ಹೋದಾಗ ಬಟ್ಟೆಯ ತೂಕದಲ್ಲಿ ಸುಮಾರು ಕಾಲು ಭಾಗ ಇಳಿಯುತ್ತದೆ. ಬಿಗಿಯಾಗಿ ಹುರಿಗೊಳಿಸಿದ ನೂಲು ಆಗ ಸಡಿಲಗೊಂಡು ಕ್ರೇಪಿನ ಆ ಹರಿಯುವ ಗುಣ ಬರುತ್ತದೆ. ಇದನ್ನು ಕಣ್ಣಾರೆ ನೋಡಿದ ಮೇಲೆ ಮಳಿಗೆಗೆ ಹೋದರೆ ಬೆಲೆ ಅರ್ಥವಾಗುತ್ತದೆ.

ಮೈಸೂರು ಸಿಲ್ಕ್ ಎಂದು ಫಲಕ ಹಾಕಿದ ಅಂಗಡಿಗಳು ಊರ ತುಂಬ ಇವೆ. ನಿಗಮದ ಸೀರೆಗೆ ಕಸೂತಿಯಲ್ಲಿ ಹೊಲಿದ ಸಂಖ್ಯೆ ಮತ್ತು ಹೊಲೊಗ್ರಾಂ ಇರುತ್ತದೆ. ಜರಿಯಲ್ಲಿ ಶೇ 65 ಬೆಳ್ಳಿ, ಶೇ 0.65 ಚಿನ್ನ. ಬೇರೆಡೆ ಕೊಳ್ಳುವಾಗ ಜರಿಯ ಒಂದು ಬಿಡಿ ಎಳೆಯನ್ನು ಉಗುರಿನಿಂದ ಕೆರೆಯಿರಿ. ಅಪ್ಪಟ ಜರಿಯೊಳಗೆ ಕೆಂಪು ರೇಷ್ಮೆ ಎಳೆ ಕಾಣುತ್ತದೆ, ಬಿಳಿ ಪ್ಲಾಸ್ಟಿಕ್ಕಿನಂತಹ ಎಳೆ ಕಂಡರೆ ಅಲ್ಲ. ಸೆರಗಿನ ತುದಿಯ ಒಂದು ನೂಲು ಸುಟ್ಟರೆ ಕೂದಲು ಸುಟ್ಟ ವಾಸನೆ ಬಂದು ಬೂದಿ ಬೆರಳಲ್ಲಿ ಪುಡಿಯಾಗಬೇಕು. ಗಟ್ಟಿ ಮಣಿಯಾದರೆ ಪಾಲಿಯೆಸ್ಟರ್. ಹಬ್ಬದ ಮುಂಚೆ ಬೇಡಿಕೆ ವಿಪರೀತ, ಒಬ್ಬರಿಗೆ ಒಂದೇ ಸೀರೆ ಎಂಬ ನಿಯಮ ಹಾಕುವುದೂ ಉಂಟು. ಬಾಗಿಲು ತೆರೆಯುವ ಹೊತ್ತಿಗೇ ಹೋಗಬೇಕು. ಮನೆಯಲ್ಲಿ ಹತ್ತಿ ಬಟ್ಟೆಯಲ್ಲಿ ಸುತ್ತಿಟ್ಟು ಮೂರು ತಿಂಗಳಿಗೊಮ್ಮೆ ಮಡಿಕೆ ಬದಲಿಸಿ, ಇಲ್ಲವಾದರೆ ಮಡಿಕೆಯ ಗೆರೆಯಲ್ಲೇ ಜರಿ ಮುರಿಯುತ್ತದೆ. ಉಟ್ಟ ಮೇಲೆ ಸೆಂಟು ಸಿಂಪಡಿಸಿಕೊಂಡರೆ ಬೆಳ್ಳಿ ಕಪ್ಪಾಗುತ್ತದೆ.

ಬೀಟೆ ಹಲಗೆಯಲ್ಲಿ ಬೇರೆ ಬೇರೆ ಬಣ್ಣದ ಮರದ ತುಣುಕು ಕೂಡಿಸಿ ಚಿತ್ರ ಮೂಡಿಸುವ ಕುಸುರಿ ಕೆಲಸವನ್ನು ಸಯ್ಯಾಜಿರಾವ್ ರಸ್ತೆಯ ಕಾವೇರಿ ಎಂಪೋರಿಯಂನಲ್ಲಿ ಮೊದಲು ನೋಡಿ ಬೆಲೆಯ ಅಂದಾಜು ಮಾಡಿಕೊಳ್ಳಿ, ಆಮೇಲೆ ಮಂಡಿ ಮೊಹಲ್ಲಾದ ಕುಶಲಕರ್ಮಿಗಳ ಬಳಿಗೆ ಹೋಗಿ. ಮರದ ಸಹಜ ಬಣ್ಣಗಳಿಂದಲೇ ಚಿತ್ರ ಮೂಡಿಸಿದ್ದು ಮೇಲು. ಹಲಗೆಯ ಹಿಂಬದಿ ನೋಡಲು ಮರೆಯಬೇಡಿ, ಅಲ್ಲಿ ಪ್ಲೈವುಡ್ ಕಂಡರೆ ಬೀಟೆಯ ಬೆಲೆ ಕೊಡಬೇಕಿಲ್ಲ. ಬೆರಳಾಡಿಸಿದಾಗ ತುಣುಕಿನ ಅಂಚು ಎಲ್ಲಿಯೂ ತಡೆಯಬಾರದು. ಹೀಟರ್, ಏಸಿಯ ಎದುರು ತೂಗುಹಾಕಿದರೆ ಮರ ಕುಗ್ಗಿ ತುಣುಕು ಮೇಲೇಳುತ್ತದೆ.

ಸಂಜೆಗೆ ಭಾನುವಾರವಾದರೆ ಏಳು ಗಂಟೆಗೆ ಅರಮನೆಯ ದೀಪ. ಅದು ಮುಗಿದ ಮೇಲೆ ಜನವೆಲ್ಲ ಒಟ್ಟಿಗೇ ಆಟೋಗೆ ಮುಗಿಬೀಳುತ್ತದೆ, ಹಾಗಾಗಿ ಗಾಂಧಿ ಚೌಕದ ಕಡೆಗೆ ನಡೆದುಬಿಡುವುದು ಸುಲಭ.

ಮೈಸೂರಿನ ಬಾರುಗಳಲ್ಲಿ ಹೊಳಪು ಹುಡುಕಬೇಡಿ. ಇಲ್ಲಿ ಒಳ್ಳೆಯ ಬಾರೆಂದರೆ ಅಡುಗೆಮನೆ ಚೆನ್ನಾಗಿರುವ ಬಾರು. ಬೋರ್ಡಿನ ಮೇಲಿನ ಪರವಾನಗಿ ಓದಲು ಬಂದರೆ ಅರ್ಧ ಗೊಂದಲ ತಪ್ಪುತ್ತದೆ. ಸಿಎಲ್-2 ಎಂದಿದ್ದರೆ ಎಂಆರ್‌ಪಿ ಅಂಗಡಿ, ಕೊಂಡು ಒಯ್ಯಬೇಕು, ಅಲ್ಲಿ ನಿಂತು ಕುಡಿಯುವಂತಿಲ್ಲ. ಸಿಎಲ್-9 ಬಾರ್ ಅಂಡ್ ರೆಸ್ಟೋರೆಂಟ್. ಸಿಎಲ್-7 ಕೋಣೆಗಳಿರುವ ಹೋಟೆಲಿನದು. ಬಾರಿನೊಳಗೆ ಬೆಲೆ ಎಂಆರ್‌ಪಿಗಿಂತ ಹೆಚ್ಚಿರುತ್ತದೆ, ಅದು ಮೋಸವಲ್ಲ. ಆದರೆ ಒಂದೇ ಬಾರಿನಲ್ಲಿ ಕೆಳಗಿನ ಹಾಲಿಗೆ ಒಂದು ದರ, ಮೇಲಿನ ಏಸಿ ಹಾಲಿಗೆ ಇನ್ನೊಂದು ದರ ಇರುತ್ತದೆ. ಕೂರುವ ಮೊದಲೇ ಮೆನು ಕೇಳಿ. ನೈಂಟಿ ಎಂದರೆ 90 ಮಿ.ಲೀ., ಕ್ವಾರ್ಟರ್ 180. ಇಬ್ಬರಿದ್ದರೆ ಬಿಡಿ ಪೆಗ್ಗಿಗಿಂತ ಮುದ್ರೆ ಒಡೆಯದ ಕ್ವಾರ್ಟರ್ ತರಿಸಿ ಎದುರಿಗೇ ತೆಗೆಸುವುದು ಅಗ್ಗ, ನೆಮ್ಮದಿ. ನೆಂಚಿಕೊಳ್ಳಲು ಮೊದಲು ಕಡಲೆಬೀಜ ಮಸಾಲ ಹೇಳಿ. ಈರುಳ್ಳಿ ಆಗತಾನೆ ಹೆಚ್ಚಿದ್ದು, ನಿಂಬೆ ಹಿಂಡಿದ್ದು ಬಂದರೆ ಆ ಅಡುಗೆಮನೆಯ ಪೆಪ್ಪರ್ ಚಿಕನ್ನನ್ನೂ ನಂಬಬಹುದು. ಎಂಟು ಗಂಟೆಗೆ ಹೋದರೆ ಎಣ್ಣೆ ಹೊಸದು, ಮೇಜು ಖಾಲಿ. ಹತ್ತೂವರೆಗೆ ಹೋದವರಿಗೆ ಅಡುಗೆ ಮುಗಿಯಿತು ಎಂಬ ಉತ್ತರ. ಗಾಂಧಿ ಜಯಂತಿಗೆ, ಚುನಾವಣೆಯಾದರೆ ಮತದಾನ ಮುಗಿಯುವ ಮುಂಚಿನ 48 ಗಂಟೆ, ಎಲ್ಲವೂ ಬಂದ್.

ದಸರಾದ ಹತ್ತು ದಿನ ಈ ಲೆಕ್ಕವೆಲ್ಲ ತಲೆಕೆಳಗು. ಕೋಣೆಯ ದರ ದುಪ್ಪಟ್ಟು ದಾಟುತ್ತದೆ. ಜಂಬೂಸವಾರಿ ಅರಮನೆಯಿಂದ ಬನ್ನಿಮಂಟಪಕ್ಕೆ ಸಾಗುವುದು ಸಯ್ಯಾಜಿರಾವ್ ರಸ್ತೆಯಲ್ಲೇ, ಆದ್ದರಿಂದ ವಿಜಯದಶಮಿಯಂದು ಮಾರುಕಟ್ಟೆಯ ಆಸೆ ಬಿಡಿ. ಕೊಳ್ಳುವುದೇ ಉದ್ದೇಶವಾದರೆ ದಸರೆ ಮುಗಿದು ಎರಡು ವಾರದ ನಂತರ ಬನ್ನಿ.

ಹೊರಡುವ ದಿನ ಬೆಳಗ್ಗೆ ಮತ್ತೆ ಏಳಕ್ಕೆ ಮಾರುಕಟ್ಟೆಗೆ. ಸೀರೆ, ಪಾಕು, ಕಾಫಿಪುಡಿ ಹಿಂದಿನ ದಿನವೇ ಚೀಲಕ್ಕೆ ಹೋಗಿರಲಿ. ಕಾಫಿಪುಡಿಯನ್ನು ಸೀರೆಯ ಚೀಲದಲ್ಲಿ ಇಡಬೇಡಿ, ವಾಸನೆ ಹಿಡಿದರೆ ಬಿಡದು. ಮೊದಲು ಎಲೆ, ಆಮೇಲೆ ಇನ್ನೂ ಚುಕ್ಕೆ ಬೀಳದ ರಸಬಾಳೆ, ಕೊನೆಗೆ ಮೊಗ್ಗು. ಬಾಳೆಎಲೆಯಲ್ಲಿ ಮೊಗ್ಗು ಕಟ್ಟಿಸಿಕೊಂಡು ಚೀಲದ ಮೇಲ್ಭಾಗದಲ್ಲಿಡಿ, ಮೇಲೆ ಏನೂ ಹೇರಬೇಡಿ. ಮಧ್ಯಾಹ್ನದ ರೈಲಿನಲ್ಲಿ ಹೊರಟರೆ ಅದು ಅರಳುವುದು ನಿಮ್ಮ ಮನೆಯಲ್ಲಿ.